ಮ್ಯಾನೇಜರರ ಗಂಟಲಲ್ಲಿ ಎರಡು ವರ್ಷ

ಭೋಜಣ್ಣನ ಮನೆ ಬಾಗಿಲಿಗೆ ಕ್ರೇನ್ ಬಂದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ನೀವು ಅಷ್ಟು ಹೊತ್ತೂ ಲಾರೆನ್ಸ್ ಸರ್‌ಗೆ ಬೈಯುತ್ತಾ ಓದುತ್ತೀರಿ. ಅವರಿಗೂ ಬೈಯಿರಿ, ಬೇಡ ಅನ್ನುವುದಿಲ್ಲ, ಆದರೆ ಮೊದಲ ಬೈಗುಳ ನನಗೇ ಸಲ್ಲಬೇಕು. ದೂರು ಬಗೆಹರಿಸುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದ ಮನುಷ್ಯ ನಾನು. ಒಂದು ಬಟ್ಟಲು ಬಸಳೆ ಸಾರಿನಲ್ಲಿ ಮುಗಿಯಬೇಕಾಗಿದ್ದ ದೂರನ್ನು ನಾನು ಕ್ರೇನಿನವರೆಗೆ ಬೆಳೆಸಿದೆ.

ಆ ಕೆಲಸ ಮುಗಿದಾಗ ನನಗೆ ಮೂವತ್ತೆರಡು. ನಿವೃತ್ತ ಅಂತ ಬರೆದುಕೊಂಡರೆ ತಲೆ ಕೂದಲೇ ನನ್ನನ್ನು ನೋಡಿ ನಗುತ್ತದೆ. ಆದರೆ ನಿವೃತ್ತನಾದದ್ದು ನಾನಲ್ಲ ಮಾರಾಯ್ರೇ, ನನ್ನ ಪಾರ್ಕು. ಅದನ್ನು ಮುಚ್ಚಿದರು, ನಾನು ಒಳಗಿದ್ದೆ, ಹಾಗಾಗಿ ನಾನೂ ಮುಚ್ಚಿಹೋದೆ. ಈಗ ಊರಿನ ಹುಡುಗರು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಟವರುಗಳಲ್ಲಿ, ದುಬೈಯ ಸಿಲಿಕಾನ್ ಓಯಸಿಸ್‌ನ ಫ್ಲ್ಯಾಟುಗಳಲ್ಲಿ ದೂರು ಕೇಳುವ ಕೆಲಸಕ್ಕೆ ಸೇರಿ ಫೋನ್ ಮಾಡುತ್ತಾರೆ. "ಸಂದೀಪಣ್ಣ, ನಿಮಗೆ ಎಕ್ಸ್‌ಪೀರಿಯೆನ್ಸ್ ಉಂಟಲ್ಲ, ಎರಡು ಟಿಪ್ಸ್ ಕೊಡಿ." ಟಿಪ್ಸ್ ಎಂತದು? ನನ್ನ ಮಂಗಾಟ ಹೇಳುತ್ತೇನೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ.

ಪಾರ್ಕು ಅಂದರೆ ಹೂವಿನ ಗಿಡ, ಜಾರುಬಂಡೆ ಅಂದುಕೊಳ್ಳಬೇಡಿ. ರಿಫೈನರಿ ಇರುವ ರುವೈಸಿನಿಂದ ಸ್ವಲ್ಪ ಹೊರಗೆ, ಹೈವೇ ಬಿಟ್ಟು ಮರಳಿನ ಕಡೆ ತಿರುಗಿದರೆ ಮೂರು ಸಾಲು ಕ್ಯಾಬಿನ್ ಮನೆಗಳು. ತಗಡಿನ ಗೋಡೆ, ಗೋಡೆಯೊಳಗೆ ಫೋಮು, ಕೆಳಗೆ ಕಬ್ಬಿಣದ ಚಾಸಿ, ಅದರ ಕೆಳಗೆ ಸಿಮೆಂಟ್ ಇಟ್ಟಿಗೆ. ಲಾರಿಯ ಮೇಲೆ ಕೂತು ಬಂದ ಮನೆಗಳು, ಬೇಕಾದರೆ ಲಾರಿಯ ಮೇಲೆ ಕೂತು ಹೋಗಬಹುದು. ರಿಫೈನರಿಯ ಕ್ವಾರ್ಟರ್ಸ್ ಇಂಜಿನಿಯರರಿಗೆ. ಕಂಟ್ರಾಕ್ಟರರ ಕೆಳಗೆ ದುಡಿಯುವ ನಮ್ಮಂಥವರು ಹೆಂಡತಿ ಮಕ್ಕಳನ್ನು ಕರೆಸಬೇಕಾದರೆ ಇಂಥ ಒಂದು ಕ್ಯಾಬಿನ್ ಕೊಂಡು, ಅರ್ಬಾಬರ ಜಾಗದಲ್ಲಿ ಬಾಡಿಗೆಗೆ ಇಡಬೇಕು. ಅರ್ಬಾಬ್ ಅಂದರೆ ಜಾಗದ ಯಜಮಾನರು, ವಯಸ್ಸಾದ ಎಮಿರಾತಿ. ನಮ್ಮೆಲ್ಲರಿಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಗೋಡೆ, ಬಾಗಿಲು, ಪಾತ್ರೆ ನಮ್ಮದು, ಅದರ ಅಡಿಯ ಮರಳು ಅವರದ್ದು. ಇಡೀ ಪಾರ್ಕಿನ ಜಗಳಗಳೆಲ್ಲ ಈ ಗೋಡೆ ಮತ್ತು ಮರಳಿನ ನಡುವಿನ ಆ ನಾಲ್ಕು ಇಟ್ಟಿಗೆಯ ಎತ್ತರದಲ್ಲಿ ಹುಟ್ಟುತ್ತಿದ್ದವು.

ನನಗೂ ಅಲ್ಲೇ ಒಂದು ಕ್ಯಾಬಿನ್ ಇತ್ತು, ಮೊದಲ ಸಾಲಿನ ಕೊನೆಯದ್ದು. ಊರಿಗೆ ಹೋಗುವ ಒಬ್ಬರಿಂದ ಕೊಂಡದ್ದು. ಅಂದರೆ ನಾನು ದೂರು ಕೇಳುವವನೂ ಹೌದು, ದೂರುವವನೂ ಹೌದು. ಬೆಳಿಗ್ಗೆ ಏಳೂವರೆಗೆ ಮನೆಯಿಂದ ಹೊರಟು ಏಳು ಮೂವತ್ತೊಂದಕ್ಕೆ ಆಫೀಸಿನಲ್ಲಿರುತ್ತಿದ್ದೆ. ಸಂಜೆ ಬಾಗಿಲು ಹಾಕಿದರೂ ಜನ ಬಿಡುತ್ತಿರಲಿಲ್ಲ. ಬನಿಯನ್‌ನಲ್ಲಿ ಹಲ್ಲುಜ್ಜುತ್ತಿದ್ದರೂ ಕಿಟಕಿಯಿಂದ "ಆಫೀಸರ್ ಸಾಬ್, ಒಂದು ಕಂಪ್ಲೇಂಟ್ ಉಂಟು" ಅನ್ನುತ್ತಿದ್ದರು.

ಸೇರಿದ ಹೊಸದರ ಪರಾಕ್ರಮ ಹೇಳುತ್ತೇನೆ. ನಾಲ್ಕನೇ ನಂಬರಿನವನ ಏಸಿಯ ಹೊರಗಿನ ಪೆಟ್ಟಿಗೆ ಐದನೇ ನಂಬರಿನವನ ಬಾಗಿಲಿಗೆ ಬಿಸಿಗಾಳಿ ಊದುತ್ತದೆ ಅಂತ ದೂರು. ಜುಲೈ ತಿಂಗಳು, ಸಹಜವೇ. ನಾನು ಮೆಕ್ಯಾನಿಕ್ಕನನ್ನು ಕರೆದು ಪೆಟ್ಟಿಗೆ ತಿರುಗಿಸಿದೆ. ಗಾಳಿ ಮೂರನೇ ನಂಬರಿಗೆ ಹೋಯಿತು. ಅಲ್ಲಿಂದ ದೂರು. ಮೂರನೆಯವನ ಗೋಡೆಗೆ ತಗಡು ಅಡ್ಡ ಇಟ್ಟೆ, ಗಾಳಿ ತಗಡಿಗೆ ಬಡಿದು ಆರಕ್ಕೆ ಹೋಯಿತು. ಆರನೆಯವನು ಸಿಟ್ಟಿನಲ್ಲಿ ತನ್ನ ಪೆಟ್ಟಿಗೆಯನ್ನು ಏಳರ ಕಡೆ ತಿರುಗಿಸಿಕೊಂಡ. ಹೀಗೆ ಎರಡು ತಿಂಗಳು ನಾನು ಆ ಒಂದೇ ಬಿಸಿಗಾಳಿಯ ಹಿಂದೆ ಓಡಿದೆ, ಪ್ರತಿ ಸಲವೂ ರಿಜಿಸ್ಟರಿನಲ್ಲಿ "ಬಗೆಹರಿದಿದೆ" ಅಂತ ಬರೆದೆ. ಕೊನೆಗೆ ಅದು ಸಾಲಿನ ಕೊನೆಯ ಮನೆಯ ಬಾಗಿಲಿಗೆ ಬಂದು ನಿಂತಿತು. ಆ ಮನೆ ಯಾರದ್ದು ಅಂತ ಹೇಳಬೇಕಾ? ನನ್ನ ಮೇಲೆ ನಾನೇ ದೂರು ಬರೆದು, ನನ್ನನ್ನೇ ಕರೆದು ಬುದ್ಧಿ ಹೇಳಿ, ಖಲಾಸ್ ಅಂತ ಸಹಿ ಹಾಕಿದೆ. ಈ ಕೆಲಸದಲ್ಲಿ ಬಗೆಹರಿಯುವುದು ಅಂದರೆ ಪಕ್ಕದ ಮನೆಗೆ ಹೋಗುವುದು, ಹುಡುಗರೇ. ಪಕ್ಕದ ಮನೆಯಲ್ಲಿ ನೀವು ಇರಬೇಡಿ, ಅಷ್ಟೇ.

ಇನ್ನು ನನ್ನ ಮೇಲಿನವರು. ಲಾರೆನ್ಸ್ ಸರ್, ಪಾರ್ಕಿನ ಮ್ಯಾನೇಜರು, ಮಂಗಳೂರಿನ ಕಡೆಯವರು. ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ನಾಲ್ಕೂ ಬರುತ್ತಿತ್ತು, ನಾಲ್ಕರಲ್ಲೂ ತೀರ್ಮಾನ ಮಾತ್ರ ಹೇಳುತ್ತಿರಲಿಲ್ಲ. ಮಾತು ಶುರುವಾಗುವ ಮೊದಲು ಮೂರು ಸಲ ಗಂಟಲು ಸರಿ ಮಾಡಿಕೊಳ್ಳಬೇಕು. ಉಹ್ಹು, ಉಹ್ಹು, ಉಹ್ಹು. ಆಮೇಲೆ "ಲೆಟ್ ಅಸ್ ಬಿ ಪ್ರಾಕ್ಟಿಕಲ್." ಆಮೇಲೆ ಎಂತದೂ ಇಲ್ಲ. ಯಾವ ದೂರು ತೆಗೆದುಕೊಂಡು ಹೋದರೂ "ನಾನೇ ಅವರಿಗೆ ಫೋನ್ ಮಾಡ್ತೇನೆ ಅಂತ ಹೇಳು" ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಜನ ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದರು. ಸರ್ ಫೋನ್ ಮಾಡುತ್ತಿರಲಿಲ್ಲ. ವಾರ ಬಿಟ್ಟು ಜನ ನನ್ನ ಕಿಟಕಿಗೆ ಬರುತ್ತಿದ್ದರು.

ನನಗೆ ಸಣ್ಣದರಿಂದಲೂ ಒಂದು ರೋಗ. ಯಾರ ಮಾತು ಕೇಳಿದರೂ ನಾಲಿಗೆ ತುರಿಸುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ತರರ ಸ್ವರ ಮಾಡಿ ಅವರಿಂದಲೇ ಎರಡೂ ಕಿವಿ ಹಿಂಡಿಸಿಕೊಂಡವನು. ಚಹಾದ ಹೊತ್ತಿನಲ್ಲಿ ಲಾರೆನ್ಸ್ ಸರ್ ಗಂಟಲು ಸರಿ ಮಾಡುವುದನ್ನು ಮಾಡಿ ತೋರಿಸುತ್ತಿದ್ದೆ, ಡ್ರೈವರುಗಳು ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಈಗ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ಎರಡನೇ ಸಾಲಿನಲ್ಲಿ ಒಬ್ಬ ಹಿರಿಯ ವೆಲ್ಡರು ಇದ್ದರು, ನಮ್ಮ ಕಡೆಯವರೇ. ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತದೆ ಅಂತ ದೂರು. ಒಂದು ತಿಂಗಳಿನಿಂದ ಕಾದು ಕಾದು ಹೇಳಿದರು, "ನನಗೆ ನೀರು ಬೇಡ ಮಾರಾಯ. ಆ ಮ್ಯಾನೇಜರು ಒಮ್ಮೆ ಮಾತಾಡಲಿ, ಸಾಕು." ಆ ದಿನ ಸರ್ ಅಬುಧಾಬಿಗೆ ಹೋಗಿದ್ದರು. ಆಫೀಸಿನಲ್ಲಿ ನಾನೊಬ್ಬ, ಎದುರಿಗೆ ಆಫೀಸಿನ ಫೋನು. ನಾಲಿಗೆ ತುರಿಸಿತು. "ಉಹ್ಹು, ಉಹ್ಹು, ಉಹ್ಹು. ಲೆಟ್ ಅಸ್ ಬಿ ಪ್ರಾಕ್ಟಿಕಲ್" ಅಂದೆ. ನಿಮ್ಮ ತೊಂದರೆ ನನ್ನ ಗಮನದಲ್ಲಿ ಉಂಟು, ನಿಮ್ಮಂಥ ಹಿರಿಯರಿಗೆ ಹೀಗಾಗಬಾರದಿತ್ತು ಅಂತ ಎರಡು ಮಾತು ಸೇರಿಸಿದೆ. ಆ ಕಡೆ ವೆಲ್ಡರರ ಸ್ವರವೇ ಕರಗಿ ಹೋಯಿತು. ಮರುದಿನ ನನ್ನ ಕಿಟಕಿಗೆ ಬಂದು, "ಎಷ್ಟು ದೊಡ್ಡ ಮನಸ್ಸು ಮಾರಾಯ ಅವರದ್ದು!" ಅಂದರು. ನೀರು ಬರಲಿಲ್ಲ. ದೂರೂ ಬರಲಿಲ್ಲ.

ಅಷ್ಟೇ ಸಾಕಾಯಿತು ನನಗೆ. ಆಮೇಲೆ ಎರಡು ವರ್ಷ ಲಾರೆನ್ಸ್ ಸರ್ ಊಟಕ್ಕೆ ಹೋದ ಹೊತ್ತಿನಲ್ಲಿ ಲಾರೆನ್ಸ್ ಸರ್ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ಕೆಲವರಿಗೆ ಸಮಾಧಾನ, ಕೆಲವರಿಗೆ ಗದರಿಕೆ, ಒಬ್ಬರಿಗೆ ಮಗಳ ಮದುವೆಗೆ ಶುಭಾಶಯ. ಪಾರ್ಕಿನಲ್ಲಿ ಸರ್ ಮೇಲೆ ಪ್ರೀತಿ ಹುಟ್ಟಿತು. ಎದುರು ಸಿಕ್ಕಿದರೆ ಜನ ಕೈ ಹಿಡಿದು ಕುಲುಕುತ್ತಿದ್ದರು. ಸರ್‌ಗೆ ಯಾಕೆಂದು ಗೊತ್ತಾಗುತ್ತಿರಲಿಲ್ಲ, ಆದರೆ ಕೈ ಕೊಡುತ್ತಿದ್ದರು. ಪ್ರೀತಿಗೆ ಕಾರಣ ಕೇಳುವ ಅಭ್ಯಾಸ ಯಾರಿಗೂ ಇರುವುದಿಲ್ಲ ನೋಡಿ.

ಭೋಜಣ್ಣನ ಮನೆಗೆ ಮಾತ್ರ ನಾನು ಆ ಸ್ವರದಲ್ಲಿ ಫೋನ್ ಮಾಡಿರಲಿಲ್ಲ. ಅವರು ನನ್ನ ಊರಿನಿಂದ ಎರಡು ಊರು ಆಚೆಯವರು, ಸಿಕ್ಕಿಬೀಳುವ ಹೆದರಿಕೆ. ಭೋಜಣ್ಣ ರಿಫೈನರಿಯಲ್ಲಿ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್. ಹದಿನೈದು ಮಾಳಿಗೆ ಎತ್ತರದ ಪೈಪಿನ ಮೇಲೆ ಬೀಡಿ ಅಂಗಡಿಗೆ ಹೋಗುವ ಹಾಗೆ ನಡೆಯುವ ಮನುಷ್ಯ, ಆಫೀಸಿನ ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ. ಹೆಂಡತಿ ವಾರಿಜಕ್ಕ. ಅವರಿಗೆ ಯಾರ ಮೆಟ್ಟಿಲಿನಲ್ಲೂ ಕಾಲು ನಡುಗಿದ್ದು ನಾನು ನೋಡಿಲ್ಲ. ಮಗಳು ಶ್ರೇಯಾ, ಐದನೇ ಕ್ಲಾಸು, ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ವಾರಿಜಕ್ಕ ಮರುಭೂಮಿಯಲ್ಲಿ ಬಸಳೆ ಬೆಳೆಸಿದ್ದರು. ಊರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಒಂದು ಗೇಣು ಬಳ್ಳಿ. ಭೋಜಣ್ಣ ಸ್ಕ್ಯಾಫೋಲ್ಡಿಂಗ್ ಪೈಪಿನ ತುಂಡುಗಳಿಂದ ಚಪ್ಪರ ಹಾಕಿಕೊಟ್ಟಿದ್ದರು, ರಿಫೈನರಿಯ ಸೇಫ್ಟಿಯವರು ನೋಡಿದರೂ ಸರ್ಟಿಫಿಕೇಟ್ ಕೊಡುವಷ್ಟು ಗಟ್ಟಿ. ನೀರು? ಪಕ್ಕದ ಕ್ಯಾಬಿನಿನ ಹಮೀದಾಕರ ಏಸಿಯಿಂದ ಹನಿಯುವ ನೀರು. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ, ಕ್ಯಾಂಟೀನಿನ ಸ್ಟೋರ್ ಕೀಪರು, ಮಾತಿಗೊಮ್ಮೆ "ಮೋನೆ", ಅಂದರೆ ಮಗನೇ, ಅನ್ನುವ ಮೆದು ಮನುಷ್ಯ. ಏಸಿಯ ಪೈಪನ್ನು ಬಳ್ಳಿಯ ಬುಡಕ್ಕೆ ತಿರುಗಿಸಿದ್ದೂ ಅವರೇ.

ಆ ವರ್ಷ ಭೋಜಣ್ಣನ ಮೇಲೆ ಆಗಲೇ ಎರಡು ದೂರು ಸಾಬೀತಾಗಿದ್ದವು. ಒಂದು, ವಾರಿಜಕ್ಕ ತಗಡಿನ ಮಾಡಿನ ಮೇಲೆ ಸಿಗಡಿ ಒಣಗಿಸಿದ್ದು. ಇನ್ನೊಂದು, ಭೋಜಣ್ಣ ಮುಂಬೈಯ ಅಣ್ಣನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಫೋನೇ ಬೇಡವೆನ್ನುವಷ್ಟು ಗಟ್ಟಿ ಮಾತಾಡುತ್ತಾರೆ ಎಂಬುದು. ಪಾರ್ಕಿನ ನಿಯಮದಲ್ಲಿ ವರ್ಷಕ್ಕೆ ಮೂರು ದೂರು ಸಾಬೀತಾದರೆ ಮನೆಯನ್ನು ಎತ್ತಿ ಹಿಂದಿನ ಸಾಲಿಗೆ, ಜನರೇಟರು ಮತ್ತು ಗಟಾರದ ಟ್ಯಾಂಕಿನ ನಡುವೆ ಇಡುತ್ತಾರೆ. ವಾಸನೆ, ಸದ್ದು ಸಹಿಸಬಹುದು. ಆದರೆ ಭೋಜಣ್ಣನ ಕ್ಯಾಬಿನ್ ಹಳೆಯದು, ಚಾಸಿ ಉಪ್ಪುಗಾಳಿ ತಿಂದು ಹಪ್ಪಳವಾಗಿತ್ತು. ಎತ್ತಿದರೆ ನಡುವಿಗೆ ಮುರಿಯುತ್ತದೆ. ಮುರಿದರೆ ಮನೆಯಿಲ್ಲ, ಮನೆಯ ಕಾಗದವಿಲ್ಲ. ಕಾಗದವಿಲ್ಲದಿದ್ದರೆ ವಾರಿಜಕ್ಕ ಮತ್ತು ಶ್ರೇಯಾಳ ವೀಸಾ ಇಲ್ಲ. ಇದು ಇಡೀ ಸಾಲಿಗೆ ಗೊತ್ತಿತ್ತು. ಹಾಗಾಗಿಯೇ ಮೂರನೇ ದೂರು ಯಾರೂ ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ರಿಜಿಸ್ಟರ್ ಪುಸ್ತಕ ಹೋಗಿ ಆ್ಯಪ್ ಬಂತು. ಪುಸ್ತಕದ ಕಾಲದಲ್ಲಿ ದೂರು ಕೊಡಬೇಕಾದರೆ ನನ್ನ ಎದುರು ಬಂದು ಕೂರಬೇಕು. ಕೂತರೆ ಚಹಾ, ಚಹಾ ಮುಗಿಯುವಾಗ ಅರ್ಧ ಸಿಟ್ಟು ಇಳಿದಿರುತ್ತಿತ್ತು, ಉಳಿದರ್ಧವನ್ನು ಬರೆಯಲು ಪೆನ್ನು ಸಿಗುತ್ತಿರಲಿಲ್ಲ. ಆ್ಯಪಿಗೆ ಚಹಾ ಮಾಡಲು ಬರುವುದಿಲ್ಲ. ಹಾಸಿಗೆಯಲ್ಲಿ ಮಲಗಿ ಬೆರಳು ಒತ್ತಿದರೆ ದೂರು. ಎರಡು ದಿನದಲ್ಲಿ ಮುಗಿಸದಿದ್ದರೆ ಕೆಂಪು ದೀಪ. ಮುಗಿದ ಮೇಲೆ "ನಮ್ಮ ಸೇವೆ ಹೇಗಿತ್ತು?" ಅಂತ ಐದು ಮುಖಗಳು, ಅಳುವುದರಿಂದ ನಗುವವರೆಗೆ.

ಹಮೀದಾಕರಿಗೆ ಅವರ ಮಗ ಆ್ಯಪ್ ಹಾಕಿಕೊಟ್ಟ. ಹೊಸ ಆಟಿಕೆ ಸಿಕ್ಕ ಹಾಗೆ, ಮೂರರ ಲೆಕ್ಕ ಮರೆತು, ಹಮೀದಾಕ ಮೊದಲ ದೂರು ಒತ್ತಿದರು. ಬಸಳೆ ಚಪ್ಪರದ ಕಂಬ ನಮ್ಮ ಕಡೆ ಬಾಗಿದೆ, ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ ಅಂತ. ಇದರಲ್ಲಿ ಸುಳ್ಳಿಲ್ಲ. ಆದರೆ ನಿಜವಾದ ನೋವು ಬೇರೆ. ನಾನು ಕೇಳಲು ಹೋದಾಗ ಬಾಯಿ ಬಿಟ್ಟರು. "ನಮ್ಮ ಏಸಿಯ ನೀರು ಕುಡಿದ ಬಸಳೆ ಮೋನೆ. ಎದುರಿನ ಸಾಲಿಗೆಲ್ಲ ಕಟ್ಟು ಕಟ್ಟು ಹೋಗ್ತದೆ. ನಮ್ಮ ಮನೆಗೆ ಒಂದು ಎಲೆ ಬರಲಿಲ್ಲ."

ವಾರಿಜಕ್ಕನನ್ನು ಕೇಳಬಹುದಿತ್ತು. ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆಮೇಲೆ ಕೇಳಿದಾಗ ಅವರು ಹೇಳಿದ್ದು ಇದು: "ಬೇರೆಯವರಿಗೆ ಅದು ಏಸಿ ನೀರಿನದ್ದು ಅಂತ ಗೊತ್ತಿಲ್ಲ, ಕೊಡಬಹುದು. ಹಮೀದಾಕರಿಗೆ ಗೊತ್ತುಂಟು. ಗೊತ್ತಿದ್ದವರಿಗೆ ಯಾವ ಮುಖದಲ್ಲಿ ಕೊಡುವುದು ಸಂದೀಪ?" ಇಷ್ಟೇ ವಿಷಯ. ಒಂದು ಬಟ್ಟಲು ಅಂದೆನಲ್ಲ.

ಆದರೆ ಅದು ಶುಕ್ರವಾರ, ರಜೆ. ಆ್ಯಪಿನಲ್ಲಿ ದೀಪ ಕೆಂಪಾಗಲು ಎರಡು ಗಂಟೆ ಇತ್ತು. ಹೊಟ್ಟೆ ತುಂಬ ಬಿರಿಯಾನಿ, ಕಣ್ಣು ತುಂಬ ನಿದ್ದೆ. ಹೊರಗೆ ಹೋಗಿ ಎರಡು ಮನೆಯ ನಡುವೆ ನಿಂತು ಮಾತಾಡುವಷ್ಟು ತಾಳ್ಮೆ ಇರಲಿಲ್ಲ. ಆಫೀಸಿಗೆ ಹೋಗಿ ಫೋನ್ ಎತ್ತಿದೆ.

"ಉಹ್ಹು, ಉಹ್ಹು, ಉಹ್ಹು. ಭೋಜ, ಲೆಟ್ ಅಸ್ ಬಿ ಪ್ರಾಕ್ಟಿಕಲ್."

"ಸರ್! ಹೇಳಿ ಸರ್." ಕುರ್ಚಿಯಿಂದ ಎದ್ದು ನಿಂತ ಸದ್ದು ಕೇಳಿಸಿತು.

"ಚಪ್ಪರ ನಾಳೆ ಸಂಜೆ ಒಳಗೆ ಸರಿಯಬೇಕು. ಇಲ್ಲದಿದ್ದರೆ ಚಪ್ಪರ ಅಲ್ಲ, ಮನೆಯನ್ನೇ ಎತ್ತಿಸ್ತೇನೆ."

"ತಪ್ಪಾಯ್ತು ಸರ್."

"ತಪ್ಪಾಯ್ತು ಅಂತ ಬಾಯಲ್ಲಿ ಹೇಳಿದರೆ ಮುಗೀತಾ?"

ಈ ಕೊನೆಯ ಸಾಲು ಬೇಕಾಗಿರಲಿಲ್ಲ. ಬರೀ ಅಲಂಕಾರಕ್ಕೆ ಸೇರಿಸಿದ್ದು. ಪಾತ್ರ ಚೆನ್ನಾಗಿ ಬರುತ್ತಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ. ಫೋನ್ ಇಟ್ಟು, ದೂರು ಮುಗಿದಿದೆ ಅಂತ ಒತ್ತಿ, ಮನೆಗೆ ಹೋಗಿ ಮಲಗಿದೆ.

ಗಲ್ಫಿನಲ್ಲಿ ಹತ್ತು ವರ್ಷ ದುಡಿದ ನಮ್ಮವರಿಗೆ ಒಂದು ಅಭ್ಯಾಸ ಉಂಟು. ತಪ್ಪು ಮಾಡಿದ್ದೇವೋ ಇಲ್ಲವೋ, ಮೇಲಿನವರು ಗದರಿದ ಕೂಡಲೇ ತಪ್ಪೊಪ್ಪಿಗೆ ಪತ್ರ ಬರೆದು ಕೊಟ್ಟುಬಿಡುವುದು. ಕೊಟ್ಟರೆ ವಾರ್ನಿಂಗಿನಲ್ಲಿ ಮುಗಿಯುತ್ತದೆ ಅಂತ ನಂಬಿಕೆ. ಭೋಜಣ್ಣ ಮರುದಿನ ಬೆಳಿಗ್ಗೆ ಮೊದಲು ಚಪ್ಪರ ಸರಿಸಿದರು, ಆಮೇಲೆ ವಾರಿಜಕ್ಕನಿಗೂ ಹೇಳದೆ ರುವೈಸಿನ ಟೈಪಿಂಗ್ ಸೆಂಟರಿಗೆ ಹೋದರು. ಟೈಪಿಂಗ್ ಸೆಂಟರಿನವನಿಗೆ ಬಸಳೆ ಅಂದರೆ ಏನೆಂದು ಗೊತ್ತಿಲ್ಲ, ಆದರೆ ತಪ್ಪೊಪ್ಪಿಗೆಯ ಮಾದರಿ ಅವನ ಕಂಪ್ಯೂಟರಿನಲ್ಲಿ ಸಿದ್ಧ ಇರುತ್ತದೆ. ಭಾನುವಾರ ನನ್ನ ಮೇಜಿನ ಮೇಲೆ ಬಂದ ಕಾಗದದಲ್ಲಿ ಹೀಗಿತ್ತು: ಮಾನ್ಯ ಮ್ಯಾನೇಜರರು ಫೋನಿನಲ್ಲಿ ಆದೇಶಿಸಿದ ಪ್ರಕಾರ, ನನ್ನ ಮೇಲಿನ ದೂರು ಸಂಪೂರ್ಣ ಸತ್ಯವೆಂದು, ನನ್ನ ಎಲ್ಲ ತಪ್ಪುಗಳನ್ನು ಪೂರ್ಣ ಮನಸ್ಸಿನಿಂದ ಒಪ್ಪಿಕೊಂಡು, ಮ್ಯಾನೇಜ್‌ಮೆಂಟ್ ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ. ಕೆಳಗೆ ಭೋಜಣ್ಣನ ಸಹಿ, ಅದರ ಪಕ್ಕದಲ್ಲಿ ಯಾರೂ ಕೇಳದ ಹೆಬ್ಬೆಟ್ಟಿನ ಗುರುತು.

ನಾನು ಕಾಗದ ಮಡಚಿ ಜೇಬಿಗೆ ಹಾಕುವುದರಲ್ಲಿದ್ದೆ. ಲಾರೆನ್ಸ್ ಸರ್ ಹಿಂದಿನಿಂದ ಕೈ ಚಾಚಿ ತೆಗೆದುಕೊಂಡರು. ಓದಿದರು. ಮುಖ ಅರಳಿತು.

"ಉಹ್ಹು. ನೋಡು ಸಂದೀಪ, ಎಷ್ಟು ಚಂದ ಒಪ್ಪಿಕೊಂಡಿದ್ದಾನೆ. ನಾನು ಅವನಿಗೆ ಫೋನ್ ಮಾಡಿದ್ದೆನಾ?"

ಆಗ ಹೇಳಬಹುದಿತ್ತು. ಬಾಯಿಗೆ ಬಂದ ಮಾತು, "ಮಾಡಿರಬಹುದು ಸರ್."

"ಮಾಡಿರಬೇಕು. ನನ್ನ ನೆನಪು ನೋಡು" ಅಂದರು. ಒಂದು ಗಂಟೆ ಬಿಟ್ಟು ನೋಡಿದರೆ ಆ್ಯಪಿನಲ್ಲಿ ಭೋಜಣ್ಣನ ಹೆಸರಿನ ಮುಂದೆ ಮೂರನೇ ಗುರುತು, ಅದರ ಕೆಳಗೆ ತಾನಾಗಿಯೇ ಹುಟ್ಟಿದ ಆದೇಶ, ಗುರುವಾರ ಬೆಳಿಗ್ಗೆ ಕ್ರೇನ್. ಭೋಜಣ್ಣನ ಜಾಗ ಖಾಲಿಯಾದರೆ ಅಲ್ಲಿ ಎಂತ ಬರುತ್ತದೆ ಅಂತ ಸರ್ ಆಗಲೇ ನಕ್ಷೆ ಮಾಡಿಟ್ಟಿದ್ದರು. ಗ್ರಾಹಕ ಸಂತೋಷ ಕೇಂದ್ರ. ಗಾಜಿನ ಬಾಗಿಲು, ಎರಡು ಸೋಫಾ, ದೂರು ಕೊಡಲು ಬಂದವರಿಗೆ ಖರ್ಜೂರ.

ಹಮೀದಾಕ ಓಡಿ ಬಂದರು. "ಎಂತ ಮೋನೆ ಇದು! ನಾನು ಹೇಳಿದ್ದು ಚಪ್ಪರ ನಾಲ್ಕು ಬೆರಳು ಆಚೆ ಸರಿಸಿ ಅಂತ. ಮನೆ ಸರಿಸಿ ಅಂತಲಾ? ದೂರು ವಾಪಸ್ ತೆಗೀತೇನೆ, ಎಲ್ಲಿ ಒತ್ತಬೇಕು ಹೇಳು."

ಇಬ್ಬರೂ ಸೇರಿ ಹುಡುಕಿದೆವು. ವಾಪಸ್ ತೆಗೆಯಲು ಜಾಗವೇ ಇರಲಿಲ್ಲ. "ನಿಮ್ಮ ದೂರು ಸಾಬೀತಾಗಿದೆ. ನಮ್ಮ ಸೇವೆ ಹೇಗಿತ್ತು?" ಅಂತ ಐದು ಮುಖಗಳು ಮಾತ್ರ. ಹಮೀದಾಕ ಅಳುವ ಮುಖವನ್ನು ಹತ್ತು ಸಲ ಒತ್ತಿದರು. ಧನ್ಯವಾದ ಅಂತ ಬಂತು.

ಭಾನುವಾರದಿಂದ ಗುರುವಾರದವರೆಗೆ ನಾನು ಗಂಡಸುತನದಿಂದ ವರ್ತಿಸಿದೆ ಅಂತ ಬರೆಯಲು ಆಸೆ. ನಡೆದದ್ದು ಬೇರೆ. ಸತ್ಯ ಹೇಳಿದರೆ ನನ್ನ ಕೆಲಸ, ವೀಸಾ ಎರಡೂ ಹೋಗುತ್ತಿತ್ತು. ಹಾಗಾಗಿ ಸುಳ್ಳಿನಿಂದಲೇ ರಿಪೇರಿ ಮಾಡಲು ಹೊರಟೆ. ಕ್ರೇನ್ ಕಂಪನಿಗೆ ಫೋನ್ ಮಾಡಿ, ಉಹ್ಹು ಉಹ್ಹು ಉಹ್ಹು, ಗುರುವಾರ ಕ್ರೇನ್ ಬೇಡ ಅಂದೆ. ಆ ಕಡೆಯ ಹೆಂಗಸು ಶಾಂತವಾಗಿ, "ಈಮೇಲ್ ಕಳಿಸಿ ಸರ್. ಫೋನಿನಲ್ಲಿ ಯಾರು ಬೇಕಾದರೂ ಮಾತಾಡಬಹುದು" ಅಂದಳು. ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಬುದ್ಧಿವಂತೆ.

ಭೋಜಣ್ಣ ಕೆಲಸದಿಂದ ಬಂದು ದಿನಾ ಚಾಸಿಯ ಕೆಳಗೆ ತೂರಿ ತುಕ್ಕು ಹಿಡಿದ ಕಡೆಗೆಲ್ಲ ತಂತಿ ಸುತ್ತುತ್ತಿದ್ದರು, ಗಾಯಕ್ಕೆ ಬ್ಯಾಂಡೇಜ್ ಕಟ್ಟುವ ಹಾಗೆ. ನನ್ನನ್ನು ಕಂಡರೆ ಅಡಿಯಿಂದಲೇ, "ನಿನಗೆ ಬೇಜಾರು ಬೇಡ ಸಂದೀಪ. ಸರ್ ಒಳ್ಳೆಯವರು, ಹೇಳಿದ್ದಾರೆ ಅಂದರೆ ಏನೋ ಕಾರಣ ಇರಬೇಕು" ಅನ್ನುತ್ತಿದ್ದರು. ಅದಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ಹಗುರವಾಗುತ್ತಿತ್ತು.

ಗುರುವಾರ ಹತ್ತು ಗಂಟೆಗೆ ಕ್ರೇನ್ ಬಂತು. ಅದರ ಹಿಂದೆ ಅರ್ಬಾಬರ ಬಿಳಿ ಗಾಡಿ. ಅವರಿಗೆ ಕ್ರೇನ್ ಕೆಲಸ ನೋಡುವುದೆಂದರೆ ಇಷ್ಟ. ಬಿಸಿಲೆಂದು ಯಾರೋ ಬಸಳೆ ಚಪ್ಪರದ ಅಡಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಕೂತರು. ಇಡೀ ಸಾಲಿನವರು ಸುತ್ತ ನಿಂತರು. ಕ್ರೇನಿನ ಪಂಜಾಬಿ ಆಪರೇಟರು ಚಾಸಿಗೆ ಸ್ಪ್ಯಾನರಿನಿಂದ ಕುಟ್ಟಿದ. ತುಕ್ಕು ಸಿಪ್ಪೆ ಸಿಪ್ಪೆಯಾಗಿ ಉದುರಿತು. "ಯೇ ಉಠೇಗಾ ನಹೀ, ಟೂಟೇಗಾ" ಅಂದ.

"ಅಮ್ಮಾ, ವಿಲ್ ಇಟ್ ಬ್ರೇಕ್?" ಶ್ರೇಯಾ ಶಾಲೆಯ ಚೀಲವನ್ನು ತಬ್ಬಿಕೊಂಡು ನಿಂತಿದ್ದಳು. ಒಳಗಿನಿಂದ ತಂದದ್ದು ಅದೊಂದೇ. ವಾರಿಜಕ್ಕ ಬಳ್ಳಿಯಿಂದ ಎಲೆ ಕೊಯ್ದು ಮರಿಗೆಗೆ ಹಾಕುತ್ತಿದ್ದರು, ಇನ್ನು ಕೊಯ್ಯಲು ಸಿಗುವುದಿಲ್ಲ ಅನ್ನುವ ಹಾಗೆ.

ಆಪರೇಟರು ಬೆಲ್ಟು ಬಿಚ್ಚಿದ. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಅರ್ಬಾಬ್, ಆ ಫೋನ್ ಮಾಡಿದ್ದು ನಾನು."

ಲಾರೆನ್ಸ್ ಸರ್ ನನ್ನನ್ನು ನೋಡಿದರು. ಅರ್ಬಾಬ್ ಹಿಂದಿಯಲ್ಲಿ, "ಯಾವ ಫೋನ್?" ಅಂದರು. ಎಲ್ಲ ಹೇಳಿದೆ. ಆ ಫೋನ್ ಸರ್ ಮಾಡಿದ್ದಲ್ಲ, ಭೋಜಣ್ಣ ನನ್ನ ಹುಡುಗಾಟಕ್ಕೆ ಹೆದರಿ ಬರೆದುಕೊಟ್ಟದ್ದು, ಆ ಕಾಗದ ಲೆಕ್ಕಕ್ಕಿಲ್ಲ ಅಂತ.

"ಮಾಡಿ ತೋರಿಸು" ಅಂದರು ಅರ್ಬಾಬ್.

ಮಾಡಿ ತೋರಿಸಿದೆ. "ಉಹ್ಹು, ಉಹ್ಹು, ಉಹ್ಹು. ಭೋಜ, ಲೆಟ್ ಅಸ್ ಬಿ ಪ್ರಾಕ್ಟಿಕಲ್." ಆಪರೇಟರು ನಕ್ಕ. ಭೋಜಣ್ಣ ಅಭ್ಯಾಸಬಲದಿಂದ "ಸರ್" ಅಂದು ನೆಟ್ಟಗೆ ನಿಂತರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮೇಲಿನವರ ಬುದ್ಧಿ ನನಗೆ ಗೊತ್ತಿರಲಿಲ್ಲ. ಲಾರೆನ್ಸ್ ಸರ್ ಎದುರು ಎರಡು ದಾರಿ ಇತ್ತು. ತನ್ನ ಮೂಗಿನ ಕೆಳಗೆ ಎರಡು ವರ್ಷ ಗುಮಾಸ್ತನೊಬ್ಬ ತನ್ನ ಸ್ವರದಲ್ಲಿ ಪಾರ್ಕು ನಡೆಸಿದ ಅಂತ ಯಜಮಾನರ ಎದುರು ಒಪ್ಪಬೇಕು, ಇಲ್ಲವೇ ಭೋಜಣ್ಣನ ಮನೆ ಮುರಿಯಬೇಕು. ಅವರು ಪ್ರಾಕ್ಟಿಕಲ್ ಮನುಷ್ಯ.

"ಉಹ್ಹು, ಉಹ್ಹು, ಉಹ್ಹು. ಅರ್ಬಾಬ್, ಹುಡುಗ ಮಿಮಿಕ್ರಿ ಮಾಡ್ತಾನೆ, ನಿಜ. ಊರಿನವನನ್ನು ಉಳಿಸಲು ಈಗ ಹೀಗೆ ಹೇಳ್ತಿದ್ದಾನೆ. ಆ ಫೋನ್ ನಾನೇ ಮಾಡಿದ್ದು. ಪ್ರತಿಯೊಂದು ದೂರಿಗೂ ನಾನು ಸ್ವತಃ ಫೋನ್ ಮಾಡ್ತೇನೆ. ಇವರನ್ನೆಲ್ಲ ಕೇಳಿ."

ಅರ್ಬಾಬ್ ಕೇಳಿದರು. ನನ್ನ ಎರಡು ವರ್ಷದ ಪಾಪ ಒಬ್ಬೊಬ್ಬರಾಗಿ ಮುಂದೆ ಬಂತು. ವೆಲ್ಡರು ಹೇಳಿದರು, "ಹೌದು ಅರ್ಬಾಬ್, ನನಗೆ ಎಷ್ಟು ಸಲ ಮಾಡಿದ್ದಾರೆ, ದೇವರಂಥ ಮನುಷ್ಯ." ಮಗಳ ಮದುವೆಯವರು ಹೌದು ಅಂದರು. ಹಮೀದಾಕ ಕೂಡ ತಲೆ ಕೆರೆದು, "ಸುಳ್ಳು ಹೇಳಬಾರದು, ನನಗೂ ಒಮ್ಮೆ ಬಂದಿತ್ತು" ಅಂದರು. "ಅದೂ ನಾನೇ ಹಮೀದಾಕ!" ಅಂತ ಕೂಗಿದೆ. ಯಾರು ನಂಬುತ್ತಾರೆ? ಎಲ್ಲವೂ ನಾನೇ ಅನ್ನುವವನು ಒಂದೂ ಅಲ್ಲ.

ಅರ್ಬಾಬ್ ಭೋಜಣ್ಣನ ಕಡೆ ತಿರುಗಿದರು. "ನೀನು ಹೇಳು. ಯಾರ ಸ್ವರ?"

ಭೋಜಣ್ಣ ನನ್ನನ್ನು ನೋಡಿದರು, ಸರ್ ಅವರನ್ನು ನೋಡಿದರು, ನೆಲ ನೋಡಿದರು. ಹಿಂದೆ ಮನೆ, ಮನೆಯ ಮೇಲೆ ಕ್ರೇನಿನ ಕೊಕ್ಕೆ. "ಸರ್ ತಾನು ಅಂತ ಹೇಳ್ತಾರಲ್ಲ ಅರ್ಬಾಬ್, ಹಾಗಾದರೆ ಸರ್ ಇರಬೇಕು" ಅಂದರು.

ಅರ್ಬಾಬ್ ಆಪರೇಟರಿಗೆ ಎತ್ತು ಅಂತ ಕೈಸನ್ನೆ ಮಾಡುವವರಿದ್ದರು. ಆಗ ವಾರಿಜಕ್ಕ ಮರಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಲಾರೆನ್ಸ್ ಸರ್ ಎದುರು ಬಂದು ನಿಂತರು. ತುಳುವಿನಲ್ಲಿ ಒಂದು ಮಾತು ಹೇಳಿದರು. ಅರ್ಬಾಬರಿಗೆ ಅದನ್ನು ಹಿಂದಿಯಲ್ಲಿ ಹೇಳಿದವನು ನಾನು, ನನ್ನದೇ ಸ್ವರದಲ್ಲಿ. ಅರ್ಬಾಬ್ ಸರ್ ಕಡೆ ತಿರುಗಿ, "ಈ ಹೆಂಗಸು ಏನೇನು ದೂರು ಕೊಟ್ಟಿದ್ದಳು? ಒಂದಾದರೂ ಹೇಳು" ಅಂದರು. ಸರ್ ಗಂಟಲು ಮೂರು ಸಲ ಸರಿಯಾಯಿತು. ನಾಲ್ಕನೇ ಸಲವೂ ಸರಿಯಾಯಿತು. ಅದರಾಚೆ ಎಂತದೂ ಬರಲಿಲ್ಲ. ಅರ್ಬಾಬ್ ತಲೆವಸ್ತ್ರ ಜಾರುವಷ್ಟು ನಕ್ಕು, ಭೋಜಣ್ಣನ ಕಾಗದವನ್ನು ನಾಲ್ಕು ತುಂಡು ಮಾಡಿ, "ಯಲ್ಲಾ" ಅಂತ ಕ್ರೇನನ್ನು ಕಳಿಸಿಬಿಟ್ಟರು.

ನನ್ನ ಕೆಲಸ ಹೋಗಲಿಲ್ಲ, ಆಫೀಸಿನ ಫೋನ್ ಹೋಯಿತು. ಪಾರ್ಕು ಮುಚ್ಚುವವರೆಗೆ ಬಿಸಿಲಲ್ಲಿ ನಡೆದು, ಮನೆ ಮನೆಗೆ ಹೋಗಿ ದೂರು ಕೇಳುವ ಶಿಕ್ಷೆ. ಹುಡುಗರೇ, ಟಿಪ್ಸ್ ಬೇಕಾದರೆ ಅದೊಂದೇ. ನಡೆದು ಹೋದರೆ ಅರ್ಧ ದೂರು ನಿಮ್ಮ ಬೆವರು ನೋಡಿಯೇ ಮುಗಿಯುತ್ತದೆ. ಸಂತೋಷ ಕೇಂದ್ರವನ್ನು ಆಫೀಸಿನ ಮೂಲೆಯಲ್ಲಿ ಒಂದು ಸೋಫಾ ಹಾಕಿ ಮುಗಿಸಿದರು. ಲಾರೆನ್ಸ್ ಸರ್ ಆಮೇಲೆ ಎಲ್ಲರಿಗೂ ನಿಜವಾಗಿಯೇ ಫೋನ್ ಮಾಡತೊಡಗಿದರು. "ಮೊದಲಿನಷ್ಟು ಪ್ರೀತಿಯಿಂದ ಮಾತಾಡುವುದಿಲ್ಲ" ಅಂತ ವೆಲ್ಡರು ದೂರು ಕೊಟ್ಟರು.

ಇನ್ನು ವಾರಿಜಕ್ಕನ ಆ ಮಾತು. ತುಳುವಿನಿಂದ ಕನ್ನಡಕ್ಕೆ ತಂದದ್ದು ಬಿಟ್ಟರೆ ಇದರಲ್ಲಿ ನನ್ನ ಶಬ್ದ ಒಂದೂ ಇಲ್ಲ:

"ಸರ್, ಆರು ವರ್ಷದಲ್ಲಿ ನಿಮ್ಮ ಆಫೀಸಿಗೆ ನಾನು ಹನ್ನೊಂದು ದೂರು ಕೊಟ್ಟೆ, ನೀವು ಒಂದಕ್ಕೂ ಫೋನ್ ಮಾಡಲಿಲ್ಲ. ಅವತ್ತು ಫೋನ್ ಬಂತು ನೋಡಿ, ಇದು ನೀವಲ್ಲ ಅಂತ ನನಗೆ ಆಗಲೇ ಗೊತ್ತಾಯಿತು."